ನಿಮ್ಮ ಸೈಟಿನಲ್ಲಿ ಎಷ್ಟು ಮನೆ ಕಟ್ಟಬಹುದು? ಲೆಕ್ಕ ಹಾಕುವ ಕ್ರಮ

ಬೆಂಗಳೂರಿನಲ್ಲಿ ಸೈಟು ಕೊಂಡವರು ಮನೆಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಬಾಡಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಬ್ಯಾಂಕಿನ ಕಂತು ಇಷ್ಟು, ಒಂದು ಮನೆಯ ಬಾಡಿಗೆ ಇಷ್ಟು, ಹಾಗಾದರೆ ಆರು ಮನೆ ಬೇಕೇ ಬೇಕು ಎಂದು ತೀರ್ಮಾನಿಸಿದ ಮೇಲೆ ನಕ್ಷೆ ಬರೆಯುವವರ ಬಳಿಗೆ ಬರುತ್ತಾರೆ. ನಕ್ಷೆ ಬರೆಯುವ ಕೆಲಸದಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಈ ತಲೆಕೆಳಗಾದ ಲೆಕ್ಕದಿಂದಲೇ ಹುಟ್ಟಿದವು. ಸಣ್ಣ ನಿವೇಶನದಲ್ಲಿ ಇಂತಿಷ್ಟೇ ಮನೆ ಎಂದು ನಿಯಮ ನೇರವಾಗಿ ಹೇಳುವುದು ಕಡಿಮೆ. ರಸ್ತೆಯ ಅಗಲ, ಕಟ್ಟಬಹುದಾದ ಒಟ್ಟು ವಿಸ್ತೀರ್ಣ, ಸುತ್ತ ಬಿಡಬೇಕಾದ ಜಾಗ ಮತ್ತು ವಾಹನ ನಿಲುಗಡೆ ಈ ನಾಲ್ಕೂ ಸೇರಿ ಸಂಖ್ಯೆಯನ್ನು ನಿರ್ಧರಿಸುತ್ತವೆ. ಈ ನಾಲ್ಕರಲ್ಲಿ ಯಾವುದು ಅತಿ ಕಡಿಮೆ ಮನೆಗಳಿಗೆ ಅವಕಾಶ ಕೊಡುತ್ತದೆಯೋ ಅದರ ಮಾತೇ ಕೊನೆಯ ಮಾತು.

ಮೊದಲು ಕಾಗದಪತ್ರ. ಎ ಖಾತಾ (ಆಸ್ತಿ ಕ್ರಮಬದ್ಧವೆಂದು ಪಾಲಿಕೆ ಕೊಡುವ ದಾಖಲೆ) ಇದೆಯೇ, ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಸೈಟು ವಸತಿ ವಲಯದಲ್ಲಿದೆಯೇ ಎಂದು ನೋಡಿಕೊಳ್ಳಿ. ಬಿಡಿಎ ಹಂಚಿದ ಸೈಟಾದರೆ ಕ್ರಯಪತ್ರದ ಷರತ್ತುಗಳನ್ನೂ ಓದಿ. ಜನ ಇಂದಿಗೂ ಸಿಡಿಪಿ ಎಂದೇ ಕರೆಯುವ ಈ ಮಹಾಯೋಜನೆ 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ 2015’. 2031ಕ್ಕೆಂದು ಸಿದ್ಧವಾದ ಕರಡು ಜಾರಿಯಾಗಲೇ ಇಲ್ಲವಾದ್ದರಿಂದ, ಅದರ ಕೋಷ್ಟಕ ತೋರಿಸಿ ಆಸೆ ಹುಟ್ಟಿಸುವವರನ್ನು ನಂಬಬೇಡಿ.

ಎರಡನೆಯದು ರಸ್ತೆಯ ಅಳತೆ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ರಸ್ತೆಯ ಅಗಲವೆಂದರೆ ಡಾಂಬರಿನ ಅಗಲವಲ್ಲ. ಪಾದಚಾರಿ ಮಾರ್ಗ, ಮೋರಿ ಎಲ್ಲವೂ ಸೇರಿ ಒಂದು ಬದಿಯ ಆಸ್ತಿಯ ಗಡಿಯಿಂದ ಎದುರು ಬದಿಯ ಗಡಿಯವರೆಗಿನ ದೂರ. ಟೇಪನ್ನು ರಸ್ತೆಗೆ ಅಡ್ಡಲಾಗಿ, ನೇರ ಲಂಬವಾಗಿ ಹಿಡಿಯಬೇಕು, ಓರೆಯಾದರೆ ಅರ್ಧ ಅಡಿ ಸುಳ್ಳೇ ಹೆಚ್ಚುತ್ತದೆ. ನಿಮ್ಮ ಸೈಟಿನ ಎರಡು ಮೂಲೆಗಳ ಎದುರು ಮತ್ತು ರಸ್ತೆ ತಿರುಗುವ ಬಾಯಿಯಲ್ಲಿ, ಹೀಗೆ ಕನಿಷ್ಠ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಎದುರುಮನೆಯ ಕಾಂಪೌಂಡು ಮೋರಿಯ ಮೇಲೆ ಬಂದು ಕೂತಿರಬಹುದು, ಪಕ್ಕದವರು ಕಾರು ಹತ್ತಿಸಲು ಹಾಕಿದ ಇಳಿಜಾರು ಗಡಿಯ ಗುರುತನ್ನೇ ಮುಚ್ಚಿರಬಹುದು. ಆದ್ದರಿಂದ ನಿಮ್ಮ ಅಳತೆಯನ್ನು ಬಡಾವಣೆಯ ಅನುಮೋದಿತ ನಕ್ಷೆಯೊಂದಿಗೆ ಹೋಲಿಸಿ ನೋಡದೆ ಮುಂದಿನ ಹಂತಕ್ಕೆ ಹೋಗಬೇಡಿ. ಮೊಬೈಲಿನಲ್ಲಿ ಅಳೆಯುವ ಆ್ಯಪ್‌ಗಳಂತೂ ಈ ಕೆಲಸಕ್ಕೆ ಬಾರವು. ಮೂವತ್ತು ಮೀಟರಿನ ಉಕ್ಕಿನ ಟೇಪು ಕೊಳ್ಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮಹಾಯೋಜನೆಯ ಕೋಷ್ಟಕದಲ್ಲಿಯೇ ಇದೆ. ವಸತಿ ಮುಖ್ಯ ವಲಯದಲ್ಲಿ 360 ಚದರ ಮೀಟರಿನವರೆಗಿನ ನಿವೇಶನಕ್ಕೆ, 12 ಮೀಟರಿನವರೆಗಿನ ರಸ್ತೆಯಲ್ಲಿ, ಎಫ್‌ಎಆರ್ 1.75, ಅಂದರೆ ಎಲ್ಲ ಮಹಡಿಗಳ ವಿಸ್ತೀರ್ಣ ಸೇರಿ ಸೈಟಿನ ಒಂದೂಮುಕ್ಕಾಲು ಪಾಲು. ಅದಕ್ಕಿಂತ ದೊಡ್ಡ ನಿವೇಶನಕ್ಕೆ 12 ಮೀಟರು ಮೀರಿದ ರಸ್ತೆಯಿದ್ದರೆ ಎಫ್‌ಎಆರ್ 2.25ಕ್ಕೆ ಏರುತ್ತದೆ. ಐವತ್ತು–ಎಂಬತ್ತರ ಸೈಟು ಸುಮಾರು 371 ಚದರ ಮೀಟರಾದ್ದರಿಂದ ಎರಡನೆಯ ಗುಂಪಿಗೆ ಸೇರುತ್ತದೆ, ಆದರೆ ರಸ್ತೆ ಒಪ್ಪಿದರೆ ಮಾತ್ರ. ನಲವತ್ತಡಿ ರಸ್ತೆ 12.19 ಮೀಟರಾಗುತ್ತದೆ, ಅದೇ ರಸ್ತೆ ಮೂವತ್ತೊಂಬತ್ತಡಿಯೇ ಇದ್ದರೆ 11.89 ಮೀಟರಿಗೆ ಇಳಿದು, 9000 ಚದರಡಿ ಕಟ್ಟಬಹುದೆಂದುಕೊಂಡವರಿಗೆ 7000 ಮಾತ್ರ ಉಳಿಯುತ್ತದೆ. ಒಂದಡಿಯ ವ್ಯತ್ಯಾಸದಲ್ಲಿ ಎರಡು ಮನೆ ಹೋದವು.

ಮೂರನೆಯದು ವಿಸ್ತೀರ್ಣ. ಮೂವತ್ತು–ನಲವತ್ತರ ಸೈಟಿನ 1200 ಚದರಡಿಗೆ 1.75ರಂತೆ ಒಟ್ಟು 2100 ಚದರಡಿ ಸಿಗುತ್ತದೆ. ನೆಲದ ಮೇಲೆ ಮುಕ್ಕಾಲು ಪಾಲು, ಅಂದರೆ 900 ಚದರಡಿ ಮಾತ್ರ ಆವರಿಸಬಹುದಾದ್ದರಿಂದ, ಪ್ರತಿ ಮಹಡಿಯನ್ನೂ ಪೂರ್ತಿ ಚಾಚಿದರೆ ಎರಡು ಮಹಡಿ ಮುಗಿದು ಮೂರನೆಯದರಲ್ಲಿ 300 ಚದರಡಿ ಉಳಿಯುತ್ತದೆ. ಸ್ಟಿಲ್ಟ್‌ನ, ಅಂದರೆ ಕಂಬಗಳ ಮೇಲೆ ಮನೆ ಎತ್ತಿ ಕೆಳಗೆ ತೆರೆದಿಟ್ಟ ಅಂತಸ್ತಿನ, ನಿಲುಗಡೆ ಜಾಗ ಈ ಲೆಕ್ಕಕ್ಕೆ ಬರುವುದಿಲ್ಲ. ಇಂತಹ ಸೈಟುಗಳ ಮೇಲೆ ಐದು ಅಂತಸ್ತು ನಿಂತಿರುವ ಬೀದಿಗಳು ನಗರದಲ್ಲಿ ಬೇಕಾದಷ್ಟಿವೆ, ಆದರೆ ಪಕ್ಕದವರು ಕಟ್ಟಿದ್ದಾರೆ ಎಂಬುದು ಅನುಮತಿಯಲ್ಲ. ಮುಂದೆ ನಿಯಮ ಮೀರಿದ ಕಟ್ಟಡಗಳನ್ನು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಯಲ್ಲಿ ದಂಡ ಕಟ್ಟಿದರಾಯಿತು ಎನ್ನುವವರಿಗೆ, ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿದ್ದನ್ನು ನೆನಪಿಸಬೇಕಾಗುತ್ತದೆ.

ನಾಲ್ಕನೆಯದು ಕಾರು. 50ರಿಂದ 150 ಚದರ ಮೀಟರಿನ ಒಂದು ಮನೆಗೆ ಒಂದು ಕಾರಿನ ಜಾಗ, 50 ಚದರ ಮೀಟರಿನ ಒಳಗಿನ ಎರಡು ಮನೆಗೆ ಸೇರಿ ಒಂದು. ಪ್ರತಿ ಜಾಗವೂ 2.5 ಮೀಟರು ಅಗಲ, 5.5 ಮೀಟರು ಉದ್ದ ಇರಬೇಕು. ಮೂವತ್ತಡಿ ಅಗಲದ ಸೈಟಿನಲ್ಲಿ ಎರಡೂ ಬದಿ ಒಂದೊಂದು ಮೀಟರು ಬಿಟ್ಟರೆ ಉಳಿಯುವ ಏಳು ಮೀಟರು ಚಿಲ್ಲರೆಯಲ್ಲಿ ಕಂಬಗಳನ್ನು ಕಳೆದರೆ ಅಕ್ಕಪಕ್ಕ ಎರಡೇ ಕಾರು ನಿಲ್ಲುತ್ತವೆ. ಹಿಂದೆ ಇನ್ನೆರಡನ್ನು ನಕ್ಷೆಯಲ್ಲಿ ಬರೆಯುವುದು ಸುಲಭ, ಆದರೆ ಹಿಂದಿನ ಕಾರು ಹೊರಬರಬೇಕಾದರೆ ಮುಂದಿನ ಮನೆಯವರನ್ನು ಬೆಳಗಿನ ಆರಕ್ಕೇ ಎಬ್ಬಿಸಬೇಕಾಗುತ್ತದೆ, ಮೆಟ್ಟಿಲಿಗೂ ಆ ಜಾಗದಲ್ಲಿಯೇ ದಾರಿ ಬೇಕು. ಹೀಗಾಗಿ ಮೂವತ್ತು–ನಲವತ್ತಕ್ಕೆ ಸಾಮಾನ್ಯ ಅಳತೆಯ ಎರಡು ಮನೆ, ಇಲ್ಲವೇ ಗೋಡೆ–ಮೆಟ್ಟಿಲು ಸೇರಿ ಐನೂರು ಚದರಡಿಯ ನಾಲ್ಕು ಪುಟ್ಟ ಮನೆ ಎಂಬುದು ಲೆಕ್ಕ. ನಾನಂತೂ ಎರಡನ್ನೇ ಕಟ್ಟಿ ಎನ್ನುತ್ತೇನೆ. ಅಂತರ್ಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ‘ಬಾಡಿಗೆ ಮನೆ ನಕ್ಷೆ’ಗಳನ್ನು ಕೊಳ್ಳಲೇಬೇಡಿ. ಅವನ್ನು ಬರೆದವರಿಗೆ ನಿಮ್ಮ ರಸ್ತೆಯೂ ಗೊತ್ತಿಲ್ಲ, ಸುತ್ತ ಬಿಡಬೇಕಾದ ಜಾಗವೂ (ಸೆಟ್‌ಬ್ಯಾಕ್) ಗೊತ್ತಿಲ್ಲ.

ಐದನೆಯದು ಅನುಮೋದನೆ. ಐವತ್ತು–ಎಂಬತ್ತರವರೆಗಿನ ಸೈಟಿನಲ್ಲಿ ನಾಲ್ಕು ಮನೆ ಮೀರದಿದ್ದರೆ ಆನ್‌ಲೈನಿನಲ್ಲಿ ನಕ್ಷೆ ಮಂಜೂರಾಗುವ ‘ನಂಬಿಕೆ ನಕ್ಷೆ’ ಯೋಜನೆಯ ದಾರಿಯುಂಟು. ಬಿಲ್ಡರ್ ಜೊತೆ ಸೇರಿ ಕಟ್ಟಿ ಮಾರುವವರು ಎಂಟು ಫ್ಲ್ಯಾಟು ಅಥವಾ 500 ಚದರ ಮೀಟರು ಭೂಮಿ ಮೀರಿದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯವೆಂಬುದನ್ನು ತಿಳಿದಿರಬೇಕು. ನಕ್ಷೆಯಲ್ಲಿ ‘ಸ್ಟೋರ್’ ಎಂದು ಬರೆಸಿ ಆಮೇಲೆ ಅಡುಗೆಮನೆ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಒಪ್ಪಬೇಡಿ, ಏಕೆಂದರೆ ಮನೆ ಎಷ್ಟು ಎಂಬುದನ್ನು ಎಣಿಸುವುದೇ ಅಡುಗೆಮನೆಯಿಂದ, ಮತ್ತು ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರು ಕೇಳುವಾಗ ಗುಟ್ಟು ಹೊರಬೀಳುತ್ತದೆ. 1200 ಚದರಡಿಯವರೆಗಿನ ನಿವೇಶನದ ಮನೆಗಳಿಗೆ 2025ರಲ್ಲಿ ಓಸಿಯಿಂದ (ಕಾಯಂ ವಿದ್ಯುತ್ತಿಗೆ ಬೇಕಾಗುವ ಸ್ವಾಧೀನ ಪ್ರಮಾಣಪತ್ರದಿಂದ) ಸಿಕ್ಕಿದ ವಿನಾಯಿತಿಯೂ ನೆಲಮಹಡಿಯ ಮೇಲೆ ಎರಡು ಅಥವಾ ಸ್ಟಿಲ್ಟ್ ಮೇಲೆ ಮೂರು ಅಂತಸ್ತಿಗೆ ಸೀಮಿತ. ಇನ್ನೊಂದು ಮಹಡಿ ಏರಿಸಿದವರು ಆ ವಿನಾಯಿತಿಯನ್ನೂ ಕಳೆದುಕೊಂಡು, ಕಟ್ಟಿ ಮುಗಿದ ಮನೆಗೆ ತಾತ್ಕಾಲಿಕ ವಿದ್ಯುತ್ತಿನಲ್ಲಿಯೇ ದಿನ ದೂಡಬೇಕಾಗುತ್ತದೆ.