ಕ್ಯಾಟ್ ಬದಲಿಸದೆ ಹಳೇ ಆಲ್ಟೋ ಎಫ್‌ಸಿ ಪಾಸ್: ನನ್ನ ಅನುಭವ

ಹದಿನೈದು ವರ್ಷ ತುಂಬಿ ಆರ್‌ಸಿ ರಿನ್ಯೂವಲ್‌ಗೆ, ಅದಕ್ಕೆ ಬೇಕಾದ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಬಂದ ಬಿಎಸ್‌-3 (ಹಳೇ ಹೊಗೆ ನಿಯಮದ ಕಾಲದ) ಆಲ್ಟೋ. ಎಮಿಷನ್ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ. 1.8ರ ಆಸುಪಾಸು. ನಮ್ಮ ಗಾಡಿಗೆ ಮಿತಿ ಸಿಒ ಶೇ. 0.5, ಎಚ್‌ಸಿ (ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಪೆಟ್ರೋಲ್) 750 ಪಿಪಿಎಂ. ಕ್ಯಾಟ್ ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯ ವಿಷ ಕಳೆಯಲು ಸೈಲೆನ್ಸರ್ ಪೈಪಿನಲ್ಲಿ ಕೂರಿಸಿದ ಡಬ್ಬಿ. ತೋರಿಸಿದ ಕಡೆಯೆಲ್ಲ ಒಂದೇ ಮಾತು: ‘ಕ್ಯಾಟ್ ಹೋಗಿದೆ ಸಾರ್, ಹೊಸದು ಹಾಕ್ಸಿ, ಇಲ್ಲಾಂದ್ರೆ ಗುಜರಿಗೆ ಕೊಟ್ಬಿಡಿ.’ ಕ್ಯಾಟ್‌ಗೆ ಕೇಳಿದ್ದು ಹದಿನೆಂಟು ಸಾವಿರದ ಹತ್ತಿರ. ಕ್ಯಾಟ್ ಚೆನ್ನಾಗಿಯೇ ಇದೆ ಎಂದರೆ ಯಾರೂ ಒಪ್ಪಲಿಲ್ಲ. ಈಗ ಅದೇ ಕ್ಯಾಟ್ ಮೇಲೆ ಸಿಒ 0.2, ಎಚ್‌ಸಿ 150ರೊಳಗೆ. ಎಮಿಷನ್ ಕೆಲಸಕ್ಕೆ ಆದ ಖರ್ಚು ಆಯಿಲ್ ಸೇರಿ ಐದು ಸಾವಿರ ದಾಟಿಲ್ಲ.

ಚೀಟಿಯಲ್ಲಿ ಎಲ್ಲರೂ ಸಿಒ, ಎಚ್‌ಸಿ ಎರಡನ್ನೇ ನೋಡುತ್ತಾರೆ. ನಾಲ್ಕು ಗ್ಯಾಸ್ ಮೆಷಿನ್ ಆಗಿದ್ದರೆ ಸ್ಕ್ರೀನಿನಲ್ಲಿ ಸಿಒ2, ಆಕ್ಸಿಜನ್ ಕೂಡ ಇರುತ್ತವೆ, ಬರೆದುಕೊಳ್ಳಿ. ಸಿಒ ಜಾಸ್ತಿ, ಎಚ್‌ಸಿ ಸಾಧಾರಣ ಎಂದರೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ. ಸಿಒ ಕಡಿಮೆ ಇದ್ದು ಎಚ್‌ಸಿ ಸಾವಿರ ದಾಟಿದರೆ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಹತ್ತಿಕೊಳ್ಳುತ್ತಿಲ್ಲ: ಪ್ಲಗ್, ಪ್ಲಗ್ ವೈರ್, ವಾಲ್ವ್ ಕ್ಲಿಯರೆನ್ಸ್ ನೋಡಿ. ನನ್ನದರಲ್ಲಿ ಸಿಒ 1.8 ಇದ್ದೂ ಆಕ್ಸಿಜನ್ ಶೇ. 2ರ ಮೇಲಿತ್ತು. ಗುಟ್ಟು ಇರುವುದೇ ಇಲ್ಲಿ. ಪೆಟ್ರೋಲ್ ಹೆಚ್ಚಾಗಿ ಉರಿಯುವ ಎಂಜಿನ್ನಿನಲ್ಲಿ ಆಕ್ಸಿಜನ್ ಉಳಿಯಬಾರದು. ಉಳಿದಿದೆ ಎಂದರೆ ಸಿಲಿಂಡರ್ ದಾಟಿದ ಮೇಲೆ ಎಲ್ಲೋ ಗಾಳಿ ಸೇರುತ್ತಿದೆ. ಸೈಲೆನ್ಸರ್ ತೂತಿನಿಂದಲೂ, ಮೆಷಿನ್ನಿನ ಪ್ರೋಬ್ (ಸೈಲೆನ್ಸರಿಗೆ ತೂರಿಸುವ ಕಡ್ಡಿ) ಪೂರ್ತಿ ಒಳಗೆ ಹೋಗದಿದ್ದರೂ ಆಕ್ಸಿಜನ್ ಏರುತ್ತದೆ. ಆದರೆ ಅದರಿಂದ ಸಿಒ ಏರುವುದಿಲ್ಲ. ಎರಡೂ ಒಟ್ಟಿಗೆ ಏರಿದರೆ ಬಹುಪಾಲು ಲೀಕ್ ಇರುವುದು ಹೊಗೆಯಲ್ಲಿ ಆಕ್ಸಿಜನ್ ಅಳೆಯುವ ಓ2 ಸೆನ್ಸರ್‌ಗಿಂತ ಮುಂಚೆಯೇ. ಎಂಜಿನ್ ಹೊಗೆ ಬಿಡುವ ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಆ ಸಂದಿಯಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಎನ್ನುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ.

ಕ್ಯಾಟ್ ಬದುಕಿದೆಯೋ ಎಂಬುದಕ್ಕೆ 2500 ಆರ್‌ಪಿಎಂನಲ್ಲಿ ಹಿಡಿದು ನೋಡಿ. ನನ್ನದರಲ್ಲಿ ಸಿಒ ಅಲ್ಲಿ 0.1ಕ್ಕೆ ಇಳಿಯುತ್ತಿತ್ತು. ಸತ್ತ ಕ್ಯಾಟ್ ಹಾಗೆ ಇಳಿಸುವುದಿಲ್ಲ.

ಲೀಕ್ ಹುಡುಕಲು ಎಂಜಿನ್ ತಣ್ಣಗಿರಬೇಕು. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಕಡೆಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಕೂರಿಸಿ, ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರತರುವ ಪೈಪ್) ಜಾಯಿಂಟ್‌ಗಳಿಗೆಲ್ಲ ಸೋಪು ನೀರು ಚಿಮುಕಿಸಬೇಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ತಿರ ನೊರೆ ಎದ್ದಿತು, ಕೆಳಗಿನ ರಿಂಗ್ ಗ್ಯಾಸ್ಕೆಟ್ ಕೂಡ ಸುಟ್ಟಿತ್ತು. ಎರಡೂ ಗ್ಯಾಸ್ಕೆಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಐನೂರರೊಳಗೆ ಸಿಕ್ಕವು. ದುಬಾರಿಯಾಗುವುದು ಸ್ಟಡ್, ಅಂದರೆ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿದಿಡುವ ಬೋಲ್ಟ್. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಬಿಟ್ಟು, ಬಿಗಿಮಾಡಿ-ಸಡಿಲಮಾಡಿ ತೆಗೆಯಬೇಕು. ಒಂದೇ ದಿಕ್ಕಿಗೆ ಜಗ್ಗಿದರೆ ಮುರಿಯುವುದು ಖಂಡಿತ. ಹಾಗೆ ಮುರಿದ ಒಂದು ಸ್ಟಡ್ ಲೇತ್‌ನಲ್ಲಿ ಎಂಟುನೂರು ತಿಂದಿತು. ಹಳೇ ಮ್ಯಾನಿಫೋಲ್ಡಿನ ಮುಖ ಮಟ್ಟಸ ಇದೆಯೇ ಎಂದು ಸ್ಟೀಲ್ ಸ್ಕೇಲ್ ಇಟ್ಟು ನೋಡದೆ ಗ್ಯಾಸ್ಕೆಟ್ ಹಾಕಬೇಡಿ. ನಟ್ ಬಿಗಿಮಾಡುವುದರಲ್ಲಿ ನನ್ನದೇ ಒಂದು ಕ್ರಮವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಓ2 ಸೆನ್ಸರನ್ನು ಮಲ್ಟಿಮೀಟರಿನಲ್ಲೇ ನೋಡಬಹುದು. ಆ ಕಾಲದ ಗಾಡಿಗಳ ಜೊತೆ ಮೊಬೈಲ್ ಸ್ಕ್ಯಾನರ್‌ಗಳು ಬಹುಪಾಲು ಮಾತಾಡುವುದಿಲ್ಲ. ಬಿಸಿ ಎಂಜಿನ್ನಿನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಓಲಾಡಬೇಕು. ಲೀಕ್ ಇದ್ದಾಗ ನನ್ನದು 0.2ರಲ್ಲೇ ಕೂತಿತ್ತು. ಗ್ಯಾಸ್ಕೆಟ್ ಹಾಕಿದ ಮೇಲೆ ಓಲಾಡಿತು, ಆದರೆ ಆಲಸ್ಯವಾಗಿ. ಯೂನಿವರ್ಸಲ್ ಸೆನ್ಸರ್ ಸುಮಾರು ಸಾವಿರದ ಆರುನೂರು. ಅದರ ವೈರಿಗೆ ಬೆಸುಗೆ ಹಾಕಬಾರದು, ಕ್ರಿಂಪ್ ಮಾಡಬೇಕು. ಇಂಥ ಸೆನ್ಸರ್‌ಗಳು ಬಹುಪಾಲು ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ತೆಗೆದುಕೊಳ್ಳುವುದು, ಬೆಸುಗೆ ಅದನ್ನು ಮುಚ್ಚಿಬಿಡುತ್ತದೆ.

ಇಂಟೇಕ್ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಪೈಪನ್ನೂ ಬಗ್ಗಿಸಿ ನೋಡಿ. ಅದು ಸೀಳಿದ್ದರೆ ಇಸಿಯುಗೆ ಲೋಡ್ ಹೆಚ್ಚಿದಂತೆ ಕಂಡು ಪೆಟ್ರೋಲ್ ಜಾಸ್ತಿಯಾಗುತ್ತದೆ. ಇಂಟೇಕಿಗೆ ವ್ಯಾಕ್ಯೂಮ್ ಗೇಜ್ ಹಾಕಿ ಎಂಜಿನ್ ಸ್ಥಿತಿ ನೋಡುವವರಿಗೆ ಒಂದು ಮಾತು: 18ರಿಂದ 22 ಇಂಚು (ಪಾದರಸದ ಲೆಕ್ಕ) ಬರಬೇಕು ಎನ್ನುವುದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ ಮೂರು ಇಂಚು ಕಳೆದು ಓದಬೇಕು. 16 ತೋರಿಸುವ ಒಳ್ಳೆಯ ಎಂಜಿನ್ನುಗಳನ್ನು ಈ ಊರಿನಲ್ಲಿ ಸುಮ್ಮನೆ ಬಿಚ್ಚಿಹಾಕುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದೆಲ್ಲಕ್ಕೂ ಮೊದಲು ದಂಡವಾದ ದುಡ್ಡೂ ಇದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಎರಡು ಬಾಟಲಿ, ಎಂಟುನೂರು: ಸಿಒ ಕದಲಲಿಲ್ಲ. ಪ್ರೀಮಿಯಂ ಪೆಟ್ರೋಲ್: ಕದಲಲಿಲ್ಲ. ಹೊಸ ಪ್ಲಗ್: ಎಚ್‌ಸಿ ನೂರರಷ್ಟು ಇಳಿಯಿತು, ಸಿಒ ಅಲ್ಲೇ. ಫಲ ಕೊಟ್ಟದ್ದು ಆಯಿಲ್. ಪಿಸಿವಿ ಪೈಪ್ (ಆಯಿಲ್ ಕಡೆಯ ಆವಿಯನ್ನು ಇಂಟೇಕಿಗೆ ಒಯ್ಯುವುದು) ಕಿತ್ತು ಇಂಟೇಕ್ ಕಡೆಯ ತೂತು ಮುಚ್ಚಿ ನೋಡಿದರೆ ಸಿಒ 0.3ರಷ್ಟು ಬಿತ್ತು. ಸಣ್ಣ ಓಡಾಟದಲ್ಲಿ ಆಯಿಲಿಗೆ ಸೇರಿದ ಪೆಟ್ರೋಲ್ ಆವಿಯಾಗಿ ಮತ್ತೆ ಎಂಜಿನ್ನಿಗೇ ಹೋಗುತ್ತಿತ್ತು. ಟೆಸ್ಟಿಗೆ ಮುಂಚೆ ಆಯಿಲ್ ಬದಲಿಸಿ, ಪೈಪನ್ನು ವಾಪಸ್ ಹಾಕಿ. ಹಾಗೆಯೇ ಈಗಿನ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಹಳೇ ರಬ್ಬರ್ ಫ್ಯೂಯಲ್ ಹೋಸ್ ತಾಳುವುದಿಲ್ಲ. ಬಗ್ಗಿಸಿದಾಗ ಬಿರುಕು ಕಂಡರೆ ಮೀಟರ್ ಲೆಕ್ಕದಲ್ಲಿ ಎಥನಾಲ್ ತಾಳುವ ಹೋಸ್ ತಂದು ಹಾಕಿ.

ಟೆಸ್ಟಿನ ದಿನ ಕ್ಯಾಟ್ ಕಾದಿರಬೇಕು. 250-300 ಡಿಗ್ರಿ ದಾಟದೆ ಅದು ಕೆಲಸ ಶುರುಮಾಡುವುದಿಲ್ಲ, ಕ್ಯೂನಲ್ಲಿ ಐಡ್ಲಿಂಗ್ ಬಿಟ್ಟರೆ ತಣ್ಣಗಾಗುತ್ತದೆ. ನೈಸ್ ರಸ್ತೆಯಲ್ಲೋ ಬೆಳಗಿನ ಜಾವದ ಔಟರ್ ರಿಂಗ್ ರೋಡಿನಲ್ಲೋ ಇಪ್ಪತ್ತು ನಿಮಿಷ, ಮೂರನೇ ಗೇರ್, 3000 ಆರ್‌ಪಿಎಂ; ನೇರ ಎಮಿಷನ್ ಟೆಸ್ಟ್ ಮಾಡುವ ಬಂಕಿಗೆ. ನಿಮ್ಮ ಸರದಿ ಬರುತ್ತಿದ್ದಂತೆ ಒಂದು ನಿಮಿಷ 2500ರಲ್ಲಿ ಹಿಡಿದು ಆಮೇಲೆ ಪ್ರೋಬ್ ಹಾಕಿಸಿ. ಏಸಿ, ಹೆಡ್‌ಲೈಟ್ ಆಫ್.

ಆರ್‌ಟಿಒದಲ್ಲಿ ಕಣ್ಣು ಬೀಳುವುದು ಬೇರೆ ಕಡೆ. ಹೆಡ್‌ಲೈಟ್ ಮಂಕಾಗಿದ್ದರೆ ಬಲ್ಬ್ ಕೊಳ್ಳುವ ಮುಂಚೆ ಹೋಲ್ಡರಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಒಂದು ವೋಲ್ಟ್ ಕಡಿಮೆ ಇದ್ದರೆ ಅರ್ತ್ ಉಜ್ಜಿ, ರಿಲೇ ಕಿಟ್ ಹಾಕಿ, ಏಳುನೂರರಲ್ಲಿ ಮುಗಿಯುತ್ತದೆ. ಎಲ್‌ಇಡಿ ತೆಗೆದು 60/55 ಹ್ಯಾಲೋಜನ್ನನ್ನೇ ಹಾಕಿ. ಗೋಡೆಯಿಂದ 10 ಮೀಟರ್ ದೂರದಲ್ಲಿ ಡಿಪ್ ಬೆಳಕಿನ ಅಂಚು ಲ್ಯಾಂಪಿನ ಎತ್ತರಕ್ಕಿಂತ 10 ಸೆಂ.ಮೀ. ಕೆಳಗಿರಲಿ. ಹ್ಯಾಂಡ್‌ಬ್ರೇಕಿಗೆ ಕೇಬಲ್ ಮೊದಲು ಎಳೆಯಬೇಡಿ. ಡ್ರಮ್ ಬಿಚ್ಚಿ ಧೂಳು ತೆಗೆದು, ವೀಲ್ ಸಿಲಿಂಡರ್ ಒದ್ದೆಯಿಲ್ಲವೆಂದು ನೋಡಿ, ಬ್ರೇಕ್ ಶೂ ಸೆಟ್ ಮಾಡಿದ ಮೇಲಷ್ಟೇ ಕೇಬಲ್. ಟೈರ್ ಗೀರು 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಗಾಜಿನ ಫಿಲ್ಮ್, ಬುಲ್‌ಬಾರ್ ಇದ್ದರೆ ಮನೆಯಲ್ಲೇ ಕಿತ್ತುಹಾಕಿ. ಎಚ್‌ಎಸ್‌ಆರ್‌ಪಿ ಪ್ಲೇಟ್ ಇಲ್ಲದೆ ಹೋಗಬೇಡಿ.

ಚಾಸಿಸ್ ನಂಬರ್ ಮೇಲೆ ಪೇಂಟ್, ತುಕ್ಕು ಕೂತಿದ್ದರೆ ಆರ್‌ಟಿಒಗೆ ಕೊಡುವ ಪೆನ್ಸಿಲ್ ಪ್ರಿಂಟ್ (ಕಾಗದ ಇಟ್ಟು ಉಜ್ಜಿ ತೆಗೆದ ಅಚ್ಚು) ಏಳುವುದಿಲ್ಲ. ಪೇಂಟ್ ರಿಮೂವರ್ ಹಚ್ಚಿ, ಬಟ್ಟೆಯಲ್ಲಿ ಒರೆಸಿ, 400 ನಂಬರಿನ ಎಮರಿ ಪೇಪರ್ ಹಗುರವಾಗಿ ಆಡಿಸಿ. ಗ್ರೈಂಡರ್ ಮುಟ್ಟಿಸಿದರೆ ನಂಬರ್ ತಿದ್ದಿದ್ದಾರೆಂಬ ಅನುಮಾನ ಬರುತ್ತದೆ, ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಆರ್‌ಸಿ ರಿನ್ಯೂವಲ್‌ಗೆ ಫಾರ್ಮ್ 25ರ ಅರ್ಜಿಯನ್ನು ಆರ್‌ಸಿ ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು. 2022ರ ಏಪ್ರಿಲ್‌ನಿಂದ ಇಂಥ ಕಾರಿಗೆ ಫೀಸು 5000, ತಡವಾದರೆ ತಿಂಗಳಿಗೆ 500. ಗ್ರೀನ್ ಟ್ಯಾಕ್ಸ್ ಬೇರೆ. ಸ್ಟಡ್ ಮುರಿದರೆ ಲೇತ್ ಕೆಲಸಕ್ಕೇ ವಾರ ಹಿಡಿಯುತ್ತದೆ, ಹಾಗಾಗಿ ಅರ್ಜಿ ಹಾಕುವ ಮುಂಚೆಯೇ ಮ್ಯಾನಿಫೋಲ್ಡ್ ಬಿಚ್ಚಿ.