ಮುದಿ ಬೆಕ್ಕು ಒಮ್ಮೆಲೇ ಬದಲಾದಾಗ: ಒಂದು ನಡವಳಿಕೆಗೆ ಒಂದು ಪುಟ

ಹೋದ ವರ್ಷ ಯುಗಾದಿ ಕಳೆದ ಮೇಲೆ ನಾನು ಬೆಕ್ಕಿನ ಹೆಸರಲ್ಲಿ ಒಂದು ನೋಟ್‌ಬುಕ್ ತೆರೆದಾಗ ಮನೆಯವರಿಂದ ಹಿಡಿದು ಮನೆ ತುಂಬ ಬೆಕ್ಕು ಸಾಕಿರುವ ನನ್ನ ಗೆಳತಿಯವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಅದಕ್ಕೆ ವಯಸ್ಸಾಯ್ತು ಕಣೇ, ಬಿಡು." ಬಿಡಲಿಲ್ಲ. ನನ್ನ ಬೆಕ್ಕು ಕೆಂಚ ಈಗ ರಾತ್ರಿ ನಿದ್ದೆ ಮಾಡುತ್ತಾನೆ, ಮೈ ಹತ್ತಿದೆ, ಎತ್ತಿಕೊಂಡರೆ ಕಚ್ಚುವುದಿಲ್ಲ. ಅದೇ ಗೆಳತಿ ಈಗ ತನ್ನ ಹೆಣ್ಣುಬೆಕ್ಕಿಗೂ ಪುಸ್ತಕ ಇಟ್ಟಿದ್ದಾಳೆ. ಬೆಕ್ಕು ಸಾಕಿ ಪಳಗಿದವರಿಗೆ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಲಸಿಕೆ, ಜಂತುಹುಳದ ಮಾತ್ರೆ, ಮಲಮೂತ್ರದ ಟ್ರೇ ಎಲ್ಲಿಡಬೇಕು ಎಂಬುದನ್ನೆಲ್ಲ ಎತ್ತುವುದಿಲ್ಲ.

ಕೆಂಚ ಗಂಡು, ಆಪರೇಷನ್ ಆದವನು, ಆಗ 14 ವರ್ಷದ ಆಸುಪಾಸು. ಹೆಚ್ಚೆಂದರೆ ಒಂದೂವರೆ ತಿಂಗಳಲ್ಲಿ ಐದು ವಿಷಯ ಬದಲಾದವು. ನಡುರಾತ್ರಿ ಎರಡು ಮೂರು ಗಂಟೆಗೆ ಗಂಟಲು ಹರಿಯುವ ಹಾಗೆ ಕೂಗು. ಹೊಟ್ಟೆಬಾಕತನ: ಮೀನನ್ನ ತಿಂದು ಮುಗಿಸಿ ಮತ್ತೆ ಅಡುಗೆಮನೆ ಕಟ್ಟೆಯ ಕೆಳಗೆ ಬಂದು ನಿಲ್ಲುವುದು. ಟ್ರೇ ಪಕ್ಕದಲ್ಲೇ ಮೂತ್ರ. ಸೊಂಟದ ಹತ್ತಿರ ಮುಟ್ಟಿದರೆ ತಿರುಗಿ ಬಾಯಿ ಹಾಕುವುದು. ಇಷ್ಟು ವರ್ಷ ದಿನವೂ ಹತ್ತುತ್ತಿದ್ದ ಕಿಟಕಿ ಕಟ್ಟೆಯನ್ನು ಕೆಳಗಿನಿಂದ ನೋಡಿ ಹಿಂದಕ್ಕೆ ಹೋಗುವುದು. ಬೆಕ್ಕು ರಾತ್ರಿ ಅತ್ತರೆ ಅಪಶಕುನ ಅಂತ ಪಕ್ಕದ ಮನೆಯವರು ಬಂದು ಹೇಳಿ ಹೋದರು. ಅತ್ತೆಯವರು ದೃಷ್ಟಿ ತೆಗೆದರು. ಅದರಿಂದ ನಷ್ಟವೇನಿಲ್ಲ, ಒಂದು ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ.

ನಷ್ಟ ಆದದ್ದು ಬೇರೆ ಕಡೆ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆಯ ಪ್ಯಾಕೇಜು ಮಾಡಿಸಿದರು, ಮೂರೂವರೆ ಸಾವಿರದ ಹತ್ತಿರ. ಲಿವರಿನ ಎಎಲ್‌ಟಿ ಸ್ವಲ್ಪ ಏರಿದೆ, ಉಳಿದದ್ದು ಪರವಾಗಿಲ್ಲ, ವಯಸ್ಸಿನ ಲಕ್ಷಣ ಅಂದರು. ಲಿವರ್ ಟಾನಿಕ್ ಬರೆದುಕೊಟ್ಟರು. ಎರಡು ಬಾಟಲಿ ಖಾಲಿಯಾಯಿತು, ಕೂಗು ಕಡಿಮೆಯಾಗಲಿಲ್ಲ. ಆ ಪ್ಯಾಕೇಜಿನಲ್ಲಿ ಥೈರಾಯ್ಡಿನ ಹಾರ್ಮೋನು ಅಳೆಯುವ ಟಿ4 ಪರೀಕ್ಷೆ ಇರಲೇ ಇಲ್ಲ. ಥೈರಾಯ್ಡ್ ಏರಿದ ಬೆಕ್ಕುಗಳಲ್ಲಿ ಎಎಲ್‌ಟಿ ಏರುವುದು ತೀರ ಸಾಮಾನ್ಯ. ಅಂದರೆ ಸುಳಿವು ಆ ಕಾಗದದಲ್ಲೇ ಇತ್ತು. ಹತ್ತು ವರ್ಷ ದಾಟಿದ ಬೆಕ್ಕಿನ ರಕ್ತ ಕೊಡುವಾಗ ಟಿ4 ಸೇರಿದೆಯೇ ಅಂತ ಬಾಯಿಬಿಟ್ಟು ಕೇಳಿ. ಸೇರಿಸಿದರೆ ಸಾವಿರ, ಸಾವಿರದೈನೂರು ಹೆಚ್ಚಾಗಬಹುದು. ನಾನು ಎರಡು ಸಲ ರಕ್ತ ತೆಗೆಸಿದ ಖರ್ಚಿನ ಮುಂದೆ ಅದು ಏನೂ ಅಲ್ಲ.

ಆಮೇಲೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, ಬೆಕ್ಕನ್ನು ಶಾಂತ ಮಾಡುತ್ತದೆ ಅನ್ನುವ ಯಂತ್ರ ತರಿಸಿದೆ. ಮೂರು ಸಾವಿರ. ಒಂದು ತಿಂಗಳು ಉರಿಸಿದೆ, ಕೆಂಚನಿಗೆ ಏನೂ ಅನ್ನಿಸಲಿಲ್ಲ. ಕೊರಳಿಗೆ ಕಟ್ಟುವ ಪಟ್ಟಿ ಎಂಟುನೂರೋ ಒಂಬೈನೂರೋ, ಅದೂ ಅಷ್ಟೇ. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ತುಂಬ ಊಟ ಹಾಕಿದರೆ ಮಲಗುತ್ತಾನೆ ಅಂದರು. ತಿಂದ, ಎರಡು ಗಂಟೆಗೆ ಎದ್ದು ಕೂಗಿದ. ಒಬ್ಬರು ಮಕ್ಕಳ ಜ್ವರದ ಸಿರಪ್ ನಾಲ್ಕು ಹನಿ ಹಾಕಿ ನೋಡಿ ಅಂದರು. ಇದನ್ನು ಗಟ್ಟಿಯಾಗಿ ಹೇಳಬೇಕು: ಅದರಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಪುಸ್ತಕದ ಯೋಚನೆ ಬಂದದ್ದು ಆಗ. ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಲೆಕ್ಕ ನೋಡಿದವಳು ನಾನು. ಐದು ಖಾತೆಯ ಗಡಿಬಿಡಿಯನ್ನು ಒಂದೇ ಪುಟದಲ್ಲಿ ಬರೆದರೆ ಯಾವ ತಪ್ಪೂ ಸಿಗುವುದಿಲ್ಲ. "ಬೆಕ್ಕಿಗೆ ಏನಾಗಿದೆ" ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ಒಂದು ನಡವಳಿಕೆಗೆ ಒಂದು ಪುಟ. ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮೊದಲು ಏನು ಮಾಡುತ್ತಿದ್ದ, ಆಮೇಲೆ ಏನು ಮಾಡಿದ. ಅಷ್ಟೇ ಕಲಂ. ಕಾರಣ ಬರೆಯುವ ಕಲಂ ಇಡಲೇಬಾರದು. ಅದಿದ್ದರೆ ಕೈ ತಾನಾಗಿ "ಕೋಪ", "ಹಟ" ಅಂತ ಬರೆಯುತ್ತದೆ, ಅಲ್ಲಿಗೆ ನೋಡುವುದು ನಿಂತುಹೋಗುತ್ತದೆ.

ತೂಕ ಮೊದಲ ಪುಟ. ನಾವು ನಿಲ್ಲುವ ತೂಕದ ಯಂತ್ರದ ಮೇಲೆ ಬೆಕ್ಕು ಎತ್ತಿಕೊಂಡು ನಿಂತು ಕಳೆಯುವ ಲೆಕ್ಕ ಕೆಲಸಕ್ಕೆ ಬಾರದು, ಇನ್ನೂರು ಗ್ರಾಂ ಆಕಡೆ ಈಕಡೆ ಆಡುತ್ತದೆ. ನಾಲ್ಕು ಕೆ.ಜಿ. ಬೆಕ್ಕಿಗೆ ಇನ್ನೂರು ಗ್ರಾಂ ಇಳಿದರೆ ಅರವತ್ತು ಕೆ.ಜಿ. ಮನುಷ್ಯರಿಗೆ ಮೂರು ಕೆ.ಜಿ. ಇಳಿದ ಹಾಗೆ. ಕೂಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ, ಸಾವಿರದೈನೂರರ ಒಳಗೆ. ಭಾನುವಾರ ಬೆಳಗ್ಗೆ ಊಟಕ್ಕೆ ಮೊದಲು ತೂಕ. ಹಳೇ ಲಸಿಕೆ ಕಾರ್ಡಿನಲ್ಲಿ 5.2 ಇತ್ತು, ಈಗ 4.1. ಐದರಲ್ಲಿ ಒಂದು ಪಾಲು ಮೈ ಕರಗಿದೆ, ಅದೂ ಮೊದಲಿನ ಎರಡರಷ್ಟು ತಿನ್ನುತ್ತಾ. ಇದನ್ನು ಬರೆದ ದಿನವೇ ವಯಸ್ಸಿನ ಮಾತು ನನ್ನ ಮಟ್ಟಿಗೆ ಮುಗಿಯಿತು.

ನೀರಿನ ಪುಟದಲ್ಲಿ ಸ್ವಲ್ಪ ಪ್ರಯೋಗ ಮಾಡಿದೆ. ಅಳೆದು ಹಾಕಿ ಮರುದಿನ ಉಳಿದದ್ದನ್ನು ಅಳೆಯುವುದು ಎಲ್ಲರಿಗೂ ಗೊತ್ತು. ಏಪ್ರಿಲ್ ಬಿಸಿಲಿಗೆ ಬಟ್ಟಲಿನಿಂದ ಎಷ್ಟು ಆರಿಹೋಗುತ್ತದೆ? ಅದೇ ಅಳತೆಯ ಇನ್ನೊಂದು ಬಟ್ಟಲನ್ನು ಜರಡಿ ಮುಚ್ಚಿ ಪಕ್ಕದಲ್ಲೇ ಇಟ್ಟೆ. ಫ್ಯಾನಿನ ಗಾಳಿಗೆ ದಿನಕ್ಕೆ ಮೂವತ್ತು ನಲವತ್ತು ಮಿ.ಲೀ. ಹೋಗುತ್ತಿತ್ತು. ಅದನ್ನು ಕಳೆದರೂ ಅವನು ಕುಡಿಯುತ್ತಿದ್ದದ್ದು 220ರ ಮೇಲೆ. ಕೆ.ಜಿ.ಗೆ 50 ಮಿ.ಲೀ. ದಾಟಿತು ಅಂದರೆ ಅನುಮಾನ ಪಡಬೇಕು. ಮೂತ್ರದ ಗಂಟುಗಳನ್ನು ತೂಗಿಯೂ ನೋಡಿದೆ. ಮರಳಿನಲ್ಲಿ ಆಗುವುದಿಲ್ಲ, ಮರದ ಹೊಟ್ಟಿನಲ್ಲೂ ಆಗುವುದಿಲ್ಲ, ಗಂಟು ಕಟ್ಟುವ ಮಣ್ಣೇ ಬೇಕು. ಚೀಲಕ್ಕೆ ಐನೂರರ ಮೇಲೆ ಕೊಟ್ಟು ತಂದೆ. ಲೆಕ್ಕ ನೀರಿನ ಪುಟಕ್ಕೆ ತಾಳೆಯಾಯಿತು, ಹೊಸದೇನೂ ಸಿಗಲಿಲ್ಲ. ಮೂತ್ರ ಪರೀಕ್ಷೆಗೆ ಮನೆಯಲ್ಲೇ ಮಾದರಿ ಹಿಡಿದದ್ದು ಹೇಗೆ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ರಾತ್ರಿ ಕೂಗಿನ ಪುಟಕ್ಕೆ ಹಳೇ ಫೋನನ್ನು ಹಾಲಿನ ಶೋಕೇಸಿನ ಮೇಲೆ ಒರಗಿಸಿ, ಜೀರೋ ಬಲ್ಬು ಹಾಕಿ ವಿಡಿಯೋ ಇಟ್ಟೆ. ಇದರಿಂದ ಸಿಕ್ಕಷ್ಟು ಬೇರೆ ಯಾವುದರಿಂದಲೂ ಸಿಗಲಿಲ್ಲ. ಮುದಿ ಬೆಕ್ಕಿನ ಮರೆವಿನ ಕಾಯಿಲೆ ಇದ್ದರೆ ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಗೋಡೆ ನೋಡುತ್ತಾ ಕೂರುತ್ತದೆ, ದಾರಿ ತಪ್ಪುತ್ತದೆ. ಕೆಂಚ ಹಾಗೆ ಮಾಡಲಿಲ್ಲ. ಹಾಲಿನಿಂದ ಅಡುಗೆಮನೆ, ಅಲ್ಲಿಂದ ಬಾಗಿಲು, ಮತ್ತೆ ಹಾಲು, ನೇರ ದಾರಿಯಲ್ಲಿ ಗಂಟೆಗಟ್ಟಲೆ ಸುತ್ತು, ನಡುನಡುವೆ ಕೂಗು. ಯಾರೋ ಓಡಿಸುತ್ತಿದ್ದಾರೆ ಅನ್ನುವ ನಡಿಗೆ. ಕಿವಿ ಕೇಳದ ಬೆಕ್ಕುಗಳೂ ಜೋರಾಗಿ ಕೂಗುತ್ತವೆ, ಅದಕ್ಕೆ ಅವನ ಬೆನ್ನ ಹಿಂದೆ ದೂರದಲ್ಲಿ ಕೀಲಿಕೈ ಗೊಂಚಲು ಅಲ್ಲಾಡಿಸಿದೆ. ಎರಡೂ ಕಿವಿ ತಿರುಗಿದವು. ಅದನ್ನೂ ಪಟ್ಟಿಯಿಂದ ಹೊಡೆದುಹಾಕಿದೆ. ನಿದ್ದೆಯಲ್ಲಿದ್ದಾಗ ಉಸಿರು ಎಣಿಸಿದೆ, ನಿಮಿಷಕ್ಕೆ ಮೂವತ್ತರ ಒಳಗಿತ್ತು, ಅಷ್ಟು ಸಮಾಧಾನ. ಎದೆಗೆ ಬೆರಳಿಟ್ಟರೆ ಬಡಿತ ಮಾತ್ರ ಎಣಿಸಲಾರದಷ್ಟು ಜೋರು. ಇನ್ನೊಂದು, ಹಗಲು ಕಿಟಕಿ ಬೆಳಕಿನಲ್ಲಿ ತೆಗೆದ ಫೋಟೋಗಳಲ್ಲೂ ಕಣ್ಣಪಾಪೆ ಅಗಲವಾಗಿಯೇ ಇತ್ತು. ಎರಡು ವರ್ಷದ ಹಿಂದಿನ ಫೋಟೋದಲ್ಲಿ ಅದೇ ಕಿಟಕಿಯ ಬಳಿ ಗೆರೆಯಷ್ಟು.

ಟ್ರೇ ಪುಟದಲ್ಲಿ ಒಂದು ವಿಚಿತ್ರ ಕಂಡಿತು. ಮೂತ್ರ ಹೊರಗೆ, ಮಲವೂ ಬಹಳ ಸಲ ಹೊರಗೆ, ಆದರೆ ಯಾವಾಗಲೂ ಟ್ರೇಯಿಂದ ಒಂದು ಗೇಣು ದೂರದಲ್ಲಿ. ಸಿಟ್ಟಿಗೆ ಮಾಡುವವನು ಅಲ್ಲಿಯವರೆಗೆ ಯಾಕೆ ಹೋಗುತ್ತಾನೆ? ಆಕ್ಸಾ ಬ್ಲೇಡಿನಿಂದ ಟ್ರೇಯ ಒಂದು ಗೋಡೆ ಕೊಯ್ದು ಮೂರು ಬೆರಳಿನ ಎತ್ತರಕ್ಕೆ ಇಳಿಸಿದೆ, ಅಂಚಿಗೆ ಟೇಪು ಸುತ್ತಿದೆ. ಒಂದು ವಾರದೊಳಗೆ ಮುಕ್ಕಾಲು ಪಾಲು ಸರಿಹೋಯಿತು. ಕಾಲು ಎತ್ತಿ ದಾಟಲು ನೋವು, ಅಷ್ಟೇ. ಕಿಟಕಿ ಕಟ್ಟೆ, ಸೊಂಟ ಮುಟ್ಟಿದರೆ ಕಚ್ಚುವುದು, ಬೆನ್ನಿನ ಹಿಂಭಾಗದಲ್ಲಿ ಕೂದಲು ಗಂಟುಗಟ್ಟಿದ್ದು, ಎಲ್ಲ ಈ ಪುಟಕ್ಕೇ ಸೇರಿದವು. 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇ ತೆಗೆದು ನೋಡಿದ ಒಂದು ಅಧ್ಯಯನದಲ್ಲಿ ನೂರಕ್ಕೆ ತೊಂಬತ್ತರಲ್ಲಿ ಕೀಲು ಸವೆತ ಕಂಡಿತ್ತು. ಬೆಕ್ಕು ಕುಂಟುವುದು ಕಡಿಮೆ. ಹತ್ತುವುದನ್ನು ಬಿಟ್ಟುಬಿಡುತ್ತದೆ, ನೆಕ್ಕಿಕೊಳ್ಳುವುದನ್ನು ಬಿಟ್ಟುಬಿಡುತ್ತದೆ.

ಈ ಪುಸ್ತಕ, ಮೂರು ವಿಡಿಯೋ ತುಣುಕು ಹಿಡಿದು ಎರಡನೇ ಡಾಕ್ಟರ ಹತ್ತಿರ ಹೋದೆ. ಅವರು ಪುಟ ತಿರುವಿ ಮೊದಲು ಕೇಳಿದ್ದು, "ಮೇಡಂ, ಬಿಪಿ ಯಾರಾದರೂ ನೋಡಿದ್ದಾರಾ?" ಇಲ್ಲ. ಬೇರೇನೂ ಮುಟ್ಟುವ ಮೊದಲು, ಬುಟ್ಟಿಯ ಮುಚ್ಚಳ ಬಿಚ್ಚಿ ಕೆಳಗಿನ ಅರ್ಧದಲ್ಲೇ ಅವನನ್ನು ಕೂರಲು ಬಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಬಿಪಿ ತೆಗೆದರು. ಮೊದಲ ಅಂಕಿ ಬಿಟ್ಟು ಆಮೇಲಿನ ಐದಾರರ ಸರಾಸರಿ. 190ರ ಹತ್ತಿರ. 160 ದಾಟಿದರೇ ಹೆಚ್ಚು, 180 ದಾಟಿದರೆ ಯಾವತ್ತು ಬೇಕಾದರೂ ಕಣ್ಣಿನ ಪರದೆ ಕಳಚಿ ಕುರುಡಾಗಬಹುದು. ಟಿ4 ಮರುದಿನ ಬಂತು, ಎಂಟರ ಆಸುಪಾಸು. ಆ ಲ್ಯಾಬಿನ ಮೇಲಿನ ಗಡಿ ನಾಲ್ಕು ಚಿಲ್ಲರೆ. ಎಕ್ಸ್‌ರೇಯಲ್ಲಿ ಸೊಂಟ, ಮೊಣಕೈ ಎರಡೂ ಕಡೆ ಸವೆತ. ಆ ಒಂದು ಸುತ್ತಿಗೆ ಏಳೆಂಟು ಸಾವಿರ ಆಗಿರಬಹುದು. ಅದಕ್ಕೆ ಮೊದಲು ವ್ಯರ್ಥವಾಗಿ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು ನನ್ನ ಪುಸ್ತಕದ ನಾಲ್ಕು ಪುಟ ಫೋಟೋ ತೆಗೆದುಕೊಂಡರು, ಈಗ ಮುದಿ ಬೆಕ್ಕು ತರುವವರಿಗೆ ಅದನ್ನೇ ತೋರಿಸುತ್ತಾರಂತೆ. ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

ಒಟ್ಟಿಗೆ ಬಂದ ಐದು ಬದಲಾವಣೆಗೆ ಕಾರಣ ಒಂದಲ್ಲ. ಕೂಗು, ಹಸಿವು, ಓಡಾಟ ಥೈರಾಯ್ಡಿನದು, ಬಿಪಿಯ ಪಾಲೂ ಅದರಲ್ಲಿದೆ. ಟ್ರೇ, ಕಿಟಕಿ, ಕಚ್ಚುವುದು ಕೀಲಿನದು. ನೀರಿನ ಪುಟದಲ್ಲಿ ಕಿಡ್ನಿಯ ತೊಂದರೆ ಅಡಗಿತ್ತು, ಅದು ಹೊರಬಿದ್ದದ್ದು ಆಮೇಲೆ. ಥೈರಾಯ್ಡ್ ಏರಿದ್ದಾಗ ಕಿಡ್ನಿಗೆ ರಕ್ತ ಜೋರಾಗಿ ನುಗ್ಗುತ್ತದೆ, ಮೈಯ ಮಾಂಸವೂ ಕರಗಿರುತ್ತದೆ, ಹಾಗಾಗಿ ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅಂಕಿ ಚೆನ್ನಾಗಿ ಕಾಣುತ್ತದೆ. ಕೆಂಚನದು ಮೊದಲು ಒಂದೂವರೆಯ ಒಳಗೆ, ಮಾತ್ರೆ ಶುರುವಾದ ಮೇಲೆ ಎರಡು ದಾಟಿತು. ಇದು ಗೊತ್ತಿಲ್ಲದವರು ಮಾತ್ರೆಯಿಂದಲೇ ಕಿಡ್ನಿ ಹಾಳಾಯಿತು ಅಂತ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ, ಡಾಕ್ಟರಿಗೆ ಅಂಕಿ ತೋರಿಸಿ.

ಥೈರಾಯ್ಡಿಗೆ ಮೆಥಿಮಜೋಲ್, ಬಿಪಿಗೆ ಆಮ್ಲೋಡಿಪಿನ್, ನೋವಿಗೆ ಗ್ಯಾಬಾಪೆಂಟಿನ್. ಕಿಡ್ನಿಯ ಕಾರಣಕ್ಕೆ ಮೆಲಾಕ್ಸಿಕಾಮ್ ಅನ್ನುವ ನೋವಿನ ಮದ್ದು ಕೊಡಲಿಲ್ಲ. ಡೋಸ್ ಬರೆಯುವುದಿಲ್ಲ, ಅದು ನಿಮ್ಮ ಬೆಕ್ಕಿನ ತೂಕ, ನಿಮ್ಮ ರಿಪೋರ್ಟು ನೋಡಿ ಆಗಬೇಕಾದದ್ದು. ಮೊದಲ ವಾರ ವಾಂತಿ ಮಾಡಿದ, ಡಾಕ್ಟರು ಥೈರಾಯ್ಡ್ ಮಾತ್ರೆಯ ಪ್ರಮಾಣ ಇಳಿಸಿ ಮೆಲ್ಲಗೆ ಏರಿಸಿದರು. ಮುಖ ಕೆರೆದುಕೊಂಡು ಗಾಯ ಮಾಡಿಕೊಂಡರೆ ಕೂಡಲೇ ಹೇಳಬೇಕು, ಅದು ಈ ಮಾತ್ರೆಯ ತೊಂದರೆ. ಥೈರಾಯ್ಡ್ ಮಾತ್ರೆಯನ್ನು ಬರಿಗೈಯಲ್ಲಿ ಪುಡಿ ಮಾಡಬಾರದು, ಬಸುರಿಯರಂತೂ ಮುಟ್ಟಲೇಬಾರದು. ಸೊಸೆ ಆಗ ಬಸುರಿ, ಟ್ರೇ ಮತ್ತು ಮಾತ್ರೆ ಎರಡನ್ನೂ ನಾನೇ ನೋಡಿಕೊಂಡೆ. ಅವನಿಗೆ ಮಾತ್ರೆ ನುಂಗಿಸುವ ಉಪಾಯ ಒಂದು ನನ್ನದೇ ಇದೆ. ಮನೆಯವರಿಗೂ ತೋರಿಸಿಲ್ಲ, ಇಲ್ಲೂ ಬರೆಯುವುದಿಲ್ಲ. ಬೆಣ್ಣೆ, ಬೆಲ್ಲ, ಚೀಸು ಯಾವುದೂ ಅಲ್ಲ, ಅವೆಲ್ಲ ಮೂರನೇ ದಿನಕ್ಕೇ ಸೋತವು.

ಎರಡು ವಾರ ಕಳೆಯುವ ಹೊತ್ತಿಗೆ ರಾತ್ರಿ ಕೂಗು ಒಂದೆರಡಕ್ಕೆ ಇಳಿಯಿತು. ಮೂರು ನಾಲ್ಕು ತಿಂಗಳಲ್ಲಿ ತೂಕ 4.6. ಕಿಟಕಿಗೆ ಅಟ್ಟದ ಮೇಲಿದ್ದ ಹಳೇ ಮಣೆಗಳನ್ನು ಒಂದರ ಮೇಲೊಂದು ಮೊಳೆ ಹೊಡೆದು ಮೆಟ್ಟಿಲು ಮಾಡಿಸಿದೆ. ಅಂಗಡಿಯಲ್ಲಿ ಇಂಥದ್ದಕ್ಕೆ ಎರಡು ಸಾವಿರ ಕೇಳುತ್ತಾರೆ, ಬಡಗಿ ಇನ್ನೂರು ತೆಗೆದುಕೊಂಡ. ಹೊಸ ಟೈಲ್ಸಿನ ಮೇಲೆ ಅವನ ಹಿಂಗಾಲು ಜಾರುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮಲಗುವ ಜಾಗದಿಂದ ಟ್ರೇವರೆಗೆ ಗೋಣಿಚೀಲ ಹಾಸಿದೆ. ಹಳೇ ಮನೆಯ ಕಾವಿ ನೆಲ ಇದ್ದಿದ್ದರೆ ಇದು ಬೇಕಾಗುತ್ತಿರಲಿಲ್ಲವೇನೋ.

ಗೆಳತಿಯ ಬೆಕ್ಕಿನ ಕತೆ ಚಿಕ್ಕದು. ಹನ್ನೆರಡರ ಮೇಲಿನ ಹೆಣ್ಣು, ತಲೆ ಸವರಿದರೆ ಪಂಜ ಬೀಸುತ್ತಿತ್ತು. ಮೂರು ವಾರ ಪುಟ ಬರೆಸಿದೆ. ಬಲಗೆನ್ನೆ ಮುಟ್ಟಿದಾಗ ಮಾತ್ರ ಬೀಸುತ್ತದೆ, ಒಣ ಆಹಾರ ಕಚ್ಚಿ ಬೀಳಿಸುತ್ತದೆ, ತಲೆ ವಾಲಿಸಿ ಎಡಗಡೆಯಿಂದ ಅಗಿಯುತ್ತದೆ. ಅರಿವಳಿಕೆ ಕೊಟ್ಟು ನೋಡಿದರೆ ಬಲಗಡೆಯ ದವಡೆ ಹಲ್ಲು ವಸಡಿನ ಅಂಚಿನಲ್ಲಿ ಕರಗಿ ತೂತಾಗಿತ್ತು. ಕೀಳಿಸಲು ಎಂಟು ಸಾವಿರದ ಮೇಲಾಯಿತು, ಹತ್ತು ಹನ್ನೆರಡು ದಿನದಲ್ಲಿ ತಾನೇ ಬಂದು ತಲೆ ಉಜ್ಜತೊಡಗಿತು.

ಕೆಂಚನ ತಿಂಗಳ ಖರ್ಚು ಈಗ ಮಾತ್ರೆಗೆ ಐನೂರು ಆರುನೂರು. ಮೂರು ತಿಂಗಳಿಗೊಮ್ಮೆ ಟಿ4, ಕ್ರಿಯಾಟಿನಿನ್, ಬಿಪಿ ಸೇರಿ ಎರಡೂವರೆ ಸಾವಿರದ ಸುತ್ತ. ಕೊನೆಯ ಸಲ ಬಿಪಿ 150ರ ಒಳಗಿತ್ತು, ಟಿ4 ಎರಡರ ಆಸುಪಾಸು. ಕ್ರಿಯಾಟಿನಿನ್ ಎರಡೂವರೆ ದಾಟಿದರೆ ಥೈರಾಯ್ಡ್ ಮಾತ್ರೆಯನ್ನು ಮತ್ತೆ ನೋಡೋಣ ಅಂದಿದ್ದಾರೆ. ನೀರು ಅಳೆಯುವುದು ನಿಲ್ಲಿಸಿಲ್ಲ. ಬೇಸಿಗೆ ಬಂತು, ಜರಡಿ ಮುಚ್ಚಿದ ಬಟ್ಟಲೂ ಮತ್ತೆ ಪಕ್ಕಕ್ಕೆ ಬಂದಿದೆ.