ರಕ್ತದಲ್ಲಿ ಎಲ್-ಗ್ಲೂಕೋಸ್ ಅಳೆಯುವುದು: ಡಿ-ಗ್ಲೂಕೋಸನ್ನು ಮೊದಲು ತೆಗೆಯಿರಿ

ನಮ್ಮ ರಕ್ತದಲ್ಲಿ ಸಹಜವಾಗಿ ಇರುವುದು ಡಿ-ಗ್ಲೂಕೋಸ್ ಮಾತ್ರ. ಅದರ ಕನ್ನಡಿ ಬಿಂಬವಾದ ಎಲ್-ಗ್ಲೂಕೋಸ್ ಹೊರಗಿನಿಂದ ಕೊಟ್ಟರಷ್ಟೇ ಅಲ್ಲಿ ಸಿಗುತ್ತದೆ. ಗ್ಲೂಕೋಸ್ ಸಾಗಿಸುವ ಪ್ರೋಟೀನುಗಳು ಅದನ್ನು ಹಿಡಿಯುವುದಿಲ್ಲ. ಹಾಗಾಗಿ ಕರುಳಿನ ಗೋಡೆಯನ್ನು ಸಕ್ಕರೆ ತಾನಾಗಿ ಎಷ್ಟು ದಾಟುತ್ತದೆ ಎಂದು ನೋಡುವ ಪ್ರಾಣಿ ಪ್ರಯೋಗಗಳಲ್ಲಿ ಇದನ್ನು ಬಳಸುತ್ತಾರೆ. ಸುಮಾರು 5 ಮಿಲಿಮೋಲಾರ್ ಡಿ-ಗ್ಲೂಕೋಸ್ ನಡುವೆ 0.2 ಮಿಲಿಮೋಲಾರ್ ಎಲ್-ಗ್ಲೂಕೋಸನ್ನು ಹುಡುಕಿ ಅಳೆಯುವುದೇ ಇಲ್ಲಿನ ಕಷ್ಟ.

ನಾನು ಎರಡು ಎಲೆಕ್ಟ್ರೋಡ್ ಬಳಸುತ್ತೇನೆ. ಒಂದಕ್ಕೆ ಎಡ-ಬಲದ ವ್ಯತ್ಯಾಸ ಗೊತ್ತಾಗುತ್ತದೆ: ಪ್ರಷ್ಯನ್ ಬ್ಲೂ (ಹೈಡ್ರೋಜನ್ ಪೆರಾಕ್ಸೈಡನ್ನು ಪತ್ತೆ ಹಚ್ಚುವ ನೀಲಿ ವಸ್ತು) ಲೇಪಿಸಿದ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ. ಇನ್ನೊಂದಕ್ಕೆ ಆ ವ್ಯತ್ಯಾಸವೇ ತಿಳಿಯದು: ಕ್ಷಾರದಲ್ಲಿ ಅದ್ದಿದ 3 ಮಿ.ಮೀ. ತಾಮ್ರದ ಬಿಲ್ಲೆ. ಇದು ಎದುರು ಸಿಕ್ಕ ಎಲ್ಲ ಸಕ್ಕರೆಯನ್ನೂ ಉತ್ಕರ್ಷಿಸುತ್ತದೆ.

ಹಾಗಿದ್ದರೆ ತಾಮ್ರ ಕೊಟ್ಟ ಒಟ್ಟು ಮೊತ್ತದಿಂದ ಕಿಣ್ವ ಕೊಟ್ಟ ಡಿ ಮೊತ್ತವನ್ನು ಕಳೆದರೆ ಸಾಲದೆ? ಸಾಲದು. 5 ಮಿಲಿಮೋಲಾರ್‌ಗೆ ಎರಡೂ ಕಡೆ ಶೇ. 3ರಷ್ಟು ತಪ್ಪು ಇದ್ದರೂ ಕಳೆದು ಉಳಿದ ಉತ್ತರದಲ್ಲಿ 0.2 ಮಿಲಿಮೋಲಾರ್‌ನಷ್ಟು ಅನಿಶ್ಚಿತತೆ ಸೇರುತ್ತದೆ. ಹುಡುಕುತ್ತಿರುವುದೇ ಅಷ್ಟು! ಆದ್ದರಿಂದ ಡಿ-ಗ್ಲೂಕೋಸನ್ನು ಕಿಣ್ವಕ್ಕೆ ತಿನ್ನಿಸಿ ಮುಗಿಸಿ, ಉಳಿದದ್ದನ್ನು ತಾಮ್ರದಲ್ಲಿ ಅಳೆಯುತ್ತೇನೆ. ಕಿಣ್ವದ ಎಲೆಕ್ಟ್ರೋಡ್‌ಗೆ ಆಗ ಕಾವಲಿನ ಕೆಲಸ: ಡಿ ನಿಜಕ್ಕೂ ಮುಗಿದಿದೆಯೇ ಎಂದು ಅದು ಹೇಳಬೇಕು.

ರಕ್ತವನ್ನು ಹೆಪಾರಿನ್ ಟ್ಯೂಬಿನಲ್ಲಿ ತೆಗೆದು, ಮಂಜುಗಡ್ಡೆಯಲ್ಲಿಟ್ಟು, ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಕೆಂಪು ರಕ್ತಕಣಗಳು ಡಿ-ಗ್ಲೂಕೋಸನ್ನು ತಿನ್ನುತ್ತವೆ, ಎಲ್ ಹಾಗೇ ಉಳಿಯುತ್ತದೆ, ಎರಡರ ಅನುಪಾತ ಸುಳ್ಳಾಗುತ್ತದೆ. 200 ಮೈಕ್ರೋಲೀಟರ್ ಪ್ಲಾಸ್ಮಾವನ್ನು 20 ಮಿಲಿಮೋಲಾರ್ ಫಾಸ್ಫೇಟ್ ಬಫರಿನಲ್ಲಿ (ಪಿಹೆಚ್ 7.0) 2 ಮಿ.ಲೀ.ಗೆ ಏರಿಸಿ, ಮಿ.ಲೀ.ಗೆ 50 ಯೂನಿಟ್ ಗ್ಲೂಕೋಸ್ ಆಕ್ಸಿಡೇಸ್, 500 ಯೂನಿಟ್ ಕ್ಯಾಟಲೇಸ್ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಗಲ ಬಾಯಿಯ ಪಾತ್ರೆಯಲ್ಲಿ ಅಲುಗಾಡಿಸುತ್ತೇನೆ. ಕ್ಯಾಟಲೇಸ್ ಬಿಡಬೇಡಿ. ಅದಿಲ್ಲದಿದ್ದರೆ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಒಡೆಯದೆ ಉಳಿದು ಗ್ಲೂಕೋಸ್ ಆಕ್ಸಿಡೇಸನ್ನೇ ಕೊಲ್ಲುತ್ತದೆ, ಆಮ್ಲಜನಕವೂ ಎರಡರಷ್ಟು ಬೇಕಾಗುತ್ತದೆ. ಗಾಳಿಗೆ ತೆರೆದ ನೀರಿನಲ್ಲಿ 25 ಡಿಗ್ರಿಗೆ ಕರಗಿರುವ ಆಮ್ಲಜನಕ ಸುಮಾರು 0.25 ಮಿಲಿಮೋಲಾರ್, 37 ಡಿಗ್ರಿಯಲ್ಲಿ ಇನ್ನೂ ಕಡಿಮೆ. ಹತ್ತು ಪಟ್ಟು ತೆಳುಗೊಳಿಸಿದ ಮೇಲೆ ಇರುವ 0.5 ಮಿಲಿಮೋಲಾರ್ ಡಿ-ಗ್ಲೂಕೋಸಿಗೆ, ಕ್ಯಾಟಲೇಸ್ ಇದ್ದಾಗ, ಬೇಕಾಗುವ ಆಮ್ಲಜನಕವೂ 0.25. ಮುಚ್ಚಿದ ಟ್ಯೂಬಿನಲ್ಲಿ ಸುಮ್ಮನೆ ಇಟ್ಟರೆ ಕ್ರಿಯೆ ಅರ್ಧಕ್ಕೇ ನಿಲ್ಲುವುದು ಇದರಿಂದಲೇ. ಬಫರ್ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕುವ ರೂಢಿ ಇದ್ದರೆ ಇಲ್ಲಿ ಬೇಡ, ಅದು ಕ್ಯಾಟಲೇಸನ್ನು ತಡೆಯುತ್ತದೆ. ಕಿಣ್ವಗಳನ್ನು ಡಯಾಲಿಸಿಸ್ ಮಾಡಿಯೇ ಬಳಸಿ, ಮಾರಾಟದ ಪುಡಿಯಲ್ಲಿ, ದ್ರಾವಣದಲ್ಲಿ ಸಕ್ಕರೆಯೋ ಗ್ಲಿಸರಾಲೋ ಬೆರೆತಿರಬಹುದು.

ಮುಂದೆ 10 ಕಿಲೋಡಾಲ್ಟನ್ ಫಿಲ್ಟರ್, ಅಂದರೆ ಅದಕ್ಕಿಂತ ದೊಡ್ಡ ಅಣುಗಳನ್ನು ತಡೆಯುವ ಪೊರೆ. ಪ್ಲಾಸ್ಮಾದ ಪ್ರೋಟೀನ್, ಹಾಕಿದ ಕಿಣ್ವ ಎರಡೂ ಒಟ್ಟಿಗೆ ಪೊರೆಯ ಮೇಲೇ ಉಳಿಯುತ್ತವೆ. ಈ ಫಿಲ್ಟರುಗಳ ಪೊರೆಗೆ ಗ್ಲಿಸರಿನ್ ಸವರಿರುತ್ತಾರೆ, ತಾಮ್ರ ಅದನ್ನೂ ಸಕ್ಕರೆಯಂತೆಯೇ ತೋರಿಸುತ್ತದೆ. ಬಳಸುವ ಮುಂಚೆ ನೀರು ಹಾಕಿ ಮೂರು ಸಲವಾದರೂ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಚೆಲ್ಲಿ.

ಅತಿ ಹೆಚ್ಚು ಗಮನ ಬೇಡುವುದು ಗ್ಲುಕೋನೇಟ್. ಡಿ-ಗ್ಲೂಕೋಸ್ ಹೋಯಿತು ಎಂದುಕೊಳ್ಳುತ್ತೇವೆ, ಆದರೆ ಅದು ಗ್ಲುಕೋನೇಟ್ ಆಗಿ ಅಲ್ಲೇ ಕುಳಿತಿದೆ, ತಾಮ್ರದ ಮೇಲೆ ಅದೂ ಉತ್ಕರ್ಷಿಸುತ್ತದೆ. ಅದಕ್ಕೆ ಋಣವಿದ್ಯುತ್ ಇದೆ, ಎಲ್-ಗ್ಲೂಕೋಸಿಗಿಲ್ಲ. ಬೇರ್ಪಡಿಸುವ ದಾರಿ ಇದೇ. 0.5 ಮಿ.ಲೀ. ಪ್ರಬಲ ಆನಯಾನ್ ರೆಸಿನ್ (ಋಣವಿದ್ಯುತ್ ಇರುವ ಅಣುಗಳನ್ನು ಹಿಡಿದಿಡುವ ಮಣಿಗಳು) ಅನ್ನು ಅಸಿಟೇಟ್ ರೂಪಕ್ಕೆ ತಂದು ಅದರ ಮೂಲಕ ಇಳಿಸುತ್ತೇನೆ. ಹೈಡ್ರಾಕ್ಸೈಡ್ ರೂಪ ಬಳಸಿದರೆ ಸಕ್ಕರೆಯೇ ರೆಸಿನ್‌ಗೆ ಅಂಟಿಕೊಳ್ಳುತ್ತದೆ, ರೂಪಾಂತರವೂ ಹೊಂದುತ್ತದೆ. ಜೊತೆಗೆ ಆಸ್ಕಾರ್ಬೇಟ್, ಯೂರೇಟ್, ತಾಮ್ರವನ್ನು ಕೊರೆಯುವ ಕ್ಲೋರೈಡ್ ಕೂಡ ಇಲ್ಲೇ ನಿಲ್ಲುತ್ತವೆ. ಅಮೈನೋ ಆಮ್ಲಗಳಿಗಾಗಿ ಅದರ ಕೆಳಗೆ ಹೈಡ್ರೋಜನ್ ರೂಪದ ಕ್ಯಾಟಯಾನ್ ರೆಸಿನ್, ಇದು ಧನವಿದ್ಯುತ್ ಇರುವವನ್ನು ಹಿಡಿಯುತ್ತದೆ. ಕ್ರಮ ತಿರುಗಿಸಬೇಡಿ: ಮೊದಲೇ ಆಮ್ಲೀಯವಾದರೆ ಗ್ಲುಕೋನೇಟಿನ ಒಂದಂಶ ವಿದ್ಯುದಂಶವಿಲ್ಲದ ಲ್ಯಾಕ್ಟೋನ್ ಆಗಿ ತಪ್ಪಿಸಿಕೊಳ್ಳಬಹುದು.

ಇಳಿದ ದ್ರವ 0.5 ಮಿ.ಲೀ., 0.3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 0.5 ಮಿ.ಲೀ. ಬೆರೆಸಿ, ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎದುರು +0.55 ವೋಲ್ಟ್‌ನಲ್ಲಿ ಕರೆಂಟ್ ಓದುತ್ತೇನೆ. ತಾಮ್ರವನ್ನು ಪ್ರತಿಸಲ 0.05 ಮೈಕ್ರಾನ್ ಅಲ್ಯೂಮಿನಾದಲ್ಲಿ ಉಜ್ಜಿ, ಬರಿ ಕ್ಷಾರದಲ್ಲಿ ಕರೆಂಟ್ ಸ್ಥಿರವಾಗುವವರೆಗೆ ಕಾಯಬೇಕು. ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಗಳನ್ನೂ ಅದೇ ರೆಸಿನ್‌ಗಳಿಂದ ಇಳಿಸಿ, ಇಲ್ಲದಿದ್ದರೆ ಅವುಗಳಿಂದ ಬಿಡುಗಡೆಯಾಗುವ ಅಸಿಟಿಕ್ ಆಮ್ಲ ಕ್ಷಾರವನ್ನು ತಗ್ಗಿಸುವುದು ಲೆಕ್ಕಕ್ಕೆ ಬರುವುದಿಲ್ಲ.

ಕಾವಲಿನ ಎಲೆಕ್ಟ್ರೋಡ್ ತಯಾರಿ ಸರಳ. ಮಿ.ಲೀ.ಗೆ 10 ಮಿ.ಗ್ರಾಂ ಕಿಣ್ವ, 20 ಮಿ.ಗ್ರಾಂ ಅಲ್ಬುಮಿನ್, ಶೇ. 0.25 ಗ್ಲೂಟರಾಲ್ಡಿಹೈಡ್, ಈ ಮಿಶ್ರಣದ 3 ಮೈಕ್ರೋಲೀಟರ್ ಹನಿಸಿ 4 ಡಿಗ್ರಿಯಲ್ಲಿ ಒಣಗಿಸಿ. ಓದುವುದು −0.05 ವೋಲ್ಟ್‌ನಲ್ಲಿ, 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುವ ಬಫರಿನಲ್ಲಿ. ಈ ಓದು ರೆಸಿನ್‌ಗೆ ಮುಂಚೆ, ಫಿಲ್ಟರಿನಿಂದ ಇಳಿದ ದ್ರವದಲ್ಲಿ. ಪಿಹೆಚ್ 7.4 ದಾಟಿದರೆ ಪ್ರಷ್ಯನ್ ಬ್ಲೂ ನಿಧಾನವಾಗಿ ಕರಗುತ್ತದೆ. ಡಿ-ಗ್ಲೂಕೋಸ್ ಸ್ಟ್ಯಾಂಡರ್ಡನ್ನು ಹಿಂದಿನ ರಾತ್ರಿಯೇ ಕರಗಿಸಿಡಿ: ಹರಳು ಆಲ್ಫಾ ರೂಪದಲ್ಲಿರುತ್ತದೆ, ಕಿಣ್ವಕ್ಕೆ ಬೇಕಾದದ್ದು ನೀರಿನಲ್ಲಿ ಅದರಿಂದ ನಿಧಾನವಾಗಿ ಹುಟ್ಟುವ ಬೀಟಾ ರೂಪ. ಸಮತೋಲನದಲ್ಲಿ ಬೀಟಾ ಶೇ. 64ರಷ್ಟಿರುತ್ತದೆ. ಆಗತಾನೇ ಕರಗಿಸಿದ್ದನ್ನು ಬಳಸಿದರೆ ಓದು ಕಡಿಮೆ ಬರುತ್ತದೆ.

ಇಷ್ಟಾದರೂ ರಕ್ತದಲ್ಲಿ ಸಹಜವಾಗಿರುವ, ವಿದ್ಯುದಂಶವಿಲ್ಲದ ಮ್ಯಾನೋಸ್, ಇನೋಸಿಟಾಲ್, 1,5-ಅನ್‌ಹೈಡ್ರೋಗ್ಲೂಸಿಟಾಲ್‌ನಂಥವು ರೆಸಿನ್ ದಾಟಿ ಬರುತ್ತವೆ. ಅದೇ ಪ್ರಾಣಿಯ, ಎಲ್-ಗ್ಲೂಕೋಸ್ ಕೊಡುವ ಮುಂಚಿನ ಪ್ಲಾಸ್ಮಾವನ್ನು ಇದೇ ದಾರಿಯಲ್ಲಿ ಸಾಗಿಸಿ, ಬಂದ ಕರೆಂಟನ್ನು ಕಳೆಯಬೇಕು. ಪ್ರತಿ ಬ್ಯಾಚಿಗೆ ಇನ್ನೆರಡು ಟ್ಯೂಬು ಸೇರಿಸುತ್ತೇನೆ: ಒಂದಕ್ಕೆ 0.25 ಮಿಲಿಮೋಲಾರ್ ಎಲ್, ಇನ್ನೊಂದಕ್ಕೆ ಅಷ್ಟೇ ಡಿ. ಮೊದಲನೆಯದರಲ್ಲಿ ಹಾಕಿದ್ದರ ಶೇ. 90ರಿಂದ 110ರಷ್ಟು ಸಿಗಬೇಕು, ಎರಡನೆಯದರಲ್ಲಿ ಏರಿಕೆ ಕಾಣಬಾರದು. ಎರಡನೆಯದು ಏರಿದರೆ ನಾನು ಮೊದಲು ನೋಡುವುದು ಆನಯಾನ್ ರೆಸಿನ್ ಅನ್ನು.